ನಮ್ಮ ವಿಷಯ ಗೊತ್ತಿರುವವರು

ಬೆಂಗಳೂರಿನಲ್ಲಿ ಸಮಾಜಕಾರ್ಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಅಲ್ಲಲ್ಲಿ ಚದುರಿದ್ದ ಭಾಗಗಳನ್ನು ಒಂದೆಡೆ ತಂದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ. ಇಲ್ಲಿ ಬರುವ ಕುಟುಂಬಗಳ ಗುರುತು ಸಿಗದ ಹಾಗೆ ಊರು, ಉದ್ಯೋಗ, ಮಕ್ಕಳ ವಯಸ್ಸನ್ನು ಬದಲಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಎಚ್‌ಐವಿ ಜೊತೆ ಬದುಕುತ್ತಿರುವ ಕುಟುಂಬಗಳ ನಡುವೆ ಓಡಾಡುವವರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತೊಂದಿದೆ. ಹೊಸ ಬಡಾವಣೆಗೆ ಮನೆ ಬದಲಾಯಿಸಿದ ತಾಯಿಯೊಬ್ಬರನ್ನು "ಅಲ್ಲಿ ಅಕ್ಕಪಕ್ಕದವರು ಹೇಗಿದ್ದಾರೆ?" ಎಂದು ಕೇಳಿದರೆ, ಅವರು ನೆರೆಯವರ ಗುಣಾವಗುಣಕ್ಕೆ ಹೋಗುವ ಮೊದಲೇ "ನಮ್ಮ ವಿಷಯ ಗೊತ್ತಿರೋರು ಯಾರೂ ಇಲ್ಲ" ಎನ್ನುತ್ತಾರೆ. ಇದೇ ಮಾತನ್ನು ಒಬ್ಬರು ನೆಮ್ಮದಿಯಿಂದ ಹೇಳುತ್ತಾರೆ, ಇನ್ನೊಬ್ಬರು ಅಳುತ್ತ ಹೇಳುತ್ತಾರೆ. ಒಬ್ಬರೇ ಒಂದೇ ವಾರದಲ್ಲಿ ಎರಡೂ ರೀತಿಯಲ್ಲಿ ಹೇಳಿದ್ದನ್ನೂ ಕೇಳಿದ್ದೇನೆ. ವಿಷಯ ಗೊತ್ತಿರುವವರು ಇಲ್ಲದ ಕಡೆ ಮನೆ ಖಾಲಿ ಮಾಡಿ ಎನ್ನುವವರು ಇರುವುದಿಲ್ಲ, ನಲ್ಲಿಯ ಹತ್ತಿರ ಕೊಡ ಸರಿಸಿಕೊಳ್ಳುವವರು ಇರುವುದಿಲ್ಲ. ಹಾಗೆಯೇ, ತಾಯಿ ಜ್ವರದಲ್ಲಿ ಮಲಗಿದ ದಿನ ಏಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆಯ, ಕೇಂದ್ರಕ್ಕೆ ಹೋಗಿ ಅವಳ ಮಾತ್ರೆ ತಂದುಕೊಡುವವರೂ ಇರುವುದಿಲ್ಲ. ಸಮುದಾಯ ಆಧಾರಿತ ಆರೈಕೆ ಎಂದು ನಿಮ್ಮ ಪಠ್ಯದಲ್ಲಿರುವ ಕೆಲಸವನ್ನು ನಾನು ಇಷ್ಟು ಸರಳವಾಗಿ ಅರ್ಥಮಾಡಿಕೊಂಡಿದ್ದೇನೆ: ವಿಷಯ ಗೊತ್ತಿದ್ದೂ ಕೈಬಿಡದ, ಬಾಯಿಬಿಡದ ಒಬ್ಬರನ್ನಾದರೂ ಪ್ರತಿ ಕುಟುಂಬಕ್ಕೂ ಮನೆಯ ಹೊರಗಿನಿಂದ ಒದಗಿಸುವುದು. ಉಳಿದದ್ದೆಲ್ಲ ಆ ಒಬ್ಬರ ಕೈಯಿಂದ ನಡೆಯುತ್ತದೆ.

ವೈದ್ಯಕೀಯದ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ದೊಡ್ಡ ಜಗಳಗಳು ಬಹುಮಟ್ಟಿಗೆ ಗೆದ್ದಾಗಿದೆ. 1986ರಲ್ಲಿ ಆಗಿನ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡ ದೇಶದ ಮೊದಲ ಸೋಂಕುಗಳನ್ನು ಪತ್ತೆಹಚ್ಚಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಆರಂಭವಾಯಿತು. ಮೂರು ಔಷಧಗಳ ಚಿಕಿತ್ಸೆಗೆ ವರ್ಷಕ್ಕೆ 10,000 ಡಾಲರಿಗಿಂತ ಹೆಚ್ಚು ಖರ್ಚಾಗುತ್ತಿದ್ದ ಕಾಲದಲ್ಲಿ, 2001ರಲ್ಲಿ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಅದನ್ನು ಕೊಡುವುದಾಗಿ ಮುಂದೆ ಬಂದಿತು. 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಏಆರ್‌ಟಿ ಶುರುವಾಯಿತು. ಆಗ ರಕ್ತದಲ್ಲಿ ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಮಾತ್ರ ಔಷಧ ಸಿಗುತ್ತಿತ್ತು, ಅಂದರೆ ಸಾಕಷ್ಟು ಕಾಯಿಲೆ ಬೀಳುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಎಣಿಕೆ ನೋಡದೆ ಚಿಕಿತ್ಸೆ ಕೊಡಲಾಗುತ್ತಿದೆ. ಈಗ ಹೆಚ್ಚಿನವರು ನುಂಗುವುದು ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಡೊಲುಟೆಗ್ರಾವಿರ್ ಸೇರಿದಂತೆ ಮೂರು ಔಷಧಗಳಿವೆ. ಅದನ್ನು ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಈ ಕೊನೆಯ ಮಾತನ್ನು ನೀವು ನಿಮ್ಮ ಕೆಲಸದಲ್ಲಿ ನೂರು ಸಲ ಹೇಳಬೇಕಾಗುತ್ತದೆ. ದಯವಿಟ್ಟು ನೂರನೆಯ ಸಲವೂ ಮೊದಲ ಸಲದಷ್ಟೇ ನಿಧಾನವಾಗಿ ಹೇಳಿ.

2021ರ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 24 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶದ ನಂತರದ ಸ್ಥಾನ ನಮ್ಮದು, ಎರಡೂವರೆ ಲಕ್ಷಕ್ಕಿಂತ ಹೆಚ್ಚು. ಆದರೆ ಈ ಲೆಕ್ಕ ಸೋಂಕಿತರ ತಲೆಯನ್ನು ಮಾತ್ರ ಎಣಿಸುತ್ತದೆ. ಅವರ ಜೊತೆ ಒಂದೇ ಸೂರಿನಡಿ ಇರುವ ಅತ್ತೆ, ಅಜ್ಜಿ, ಸೋಂಕಿಲ್ಲದ ಅಣ್ಣ, ಮದುವೆಗೆ ಬಂದ ನಾದಿನಿ ಯಾವ ಪಟ್ಟಿಯಲ್ಲೂ ಇಲ್ಲ. ಮಾತ್ರೆ ನುಂಗುವುದೂ ಬಿಡುವುದೂ ಬಹಳ ಸಲ ತೀರ್ಮಾನವಾಗುವುದು ಅವರ ನಡುವೆ.

ಸುದ್ದಿ ಮನೆಯೊಳಗೆ ಬರುವ ದಾರಿಯನ್ನೇ ನೋಡಿ. ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳಿಗೆ ಸೋಂಕು ತಿಳಿಯುವುದು ಬಸುರಿನಲ್ಲಿ, ಎಲ್ಲ ಗರ್ಭಿಣಿಯರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ. ಮೊದಲು ಪರೀಕ್ಷೆಯಾದದ್ದು ಅವಳಿಗೆ, ಆದ್ದರಿಂದ ತಂದವಳೂ ಅವಳೇ ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಗಂಡ ಪರೀಕ್ಷೆಗೆ ಬರುವುದಿಲ್ಲ, ಬಂದರೂ ತಿಂಗಳುಗಳ ನಂತರ. ಅಷ್ಟರಲ್ಲಿ ಅವಳ ಮೇಲಿನ ಆರೋಪ ಗಟ್ಟಿಯಾಗಿರುತ್ತದೆ. ಐಸಿಟಿಸಿಯ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನಾ ಕೇಂದ್ರದ, ಆಪ್ತಸಮಾಲೋಚಕಿ ಎಷ್ಟೇ ಅನುಭವಿಯಾಗಿದ್ದರೂ ಅವರ ಕೋಣೆಯ ಹೊರಗೆ ಇನ್ನೂ ಮೂವತ್ತು ಜನ ಕೂತಿರುತ್ತಾರೆ. ಅವರು ಕೊಡಬಲ್ಲ ಹೊತ್ತು ಕೆಲವೇ ನಿಮಿಷ. ಆ ಹೆಣ್ಣುಮಗಳು ಕೋಣೆಯಿಂದ ಹೊರಬಂದು, ಬಸ್ಸು ಹತ್ತಿ, ಮನೆಯ ಬಾಗಿಲು ತೆರೆಯುವವರೆಗಿನ ಒಂದೂವರೆ ಗಂಟೆ ಯಾರ ಹೊಣೆ? ನನ್ನ ಮಟ್ಟಿಗೆ ಆರೈಕೆ ಶುರುವಾಗಬೇಕಾದದ್ದು ಆ ಬಸ್ಸಿನಲ್ಲಿ, ಅವಳ ಪಕ್ಕದ ಸೀಟಿನಲ್ಲಿ.

ಹಾಗೆ ಪಕ್ಕದಲ್ಲಿ ಕೂತ ಒಬ್ಬ ಅಕ್ಕನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಕೆಗೂ ಸೋಂಕಿದೆ, ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಒಬ್ಬ ಎಳೆಯ ಬಸುರಿಯ ಜೊತೆ ಆಕೆ ಸುಮಾರು ಎರಡು ವರ್ಷ ಇದ್ದರು. ಯಾವ ಔಷಧವೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ 15ರಿಂದ 45 ಶೇಕಡ. ಬಸುರಿನಲ್ಲಿ, ಹೆರಿಗೆಯಲ್ಲಿ, ಹಾಲೂಡಿಸುವ ಕಾಲದಲ್ಲಿ ಸರಿಯಾದ ಚಿಕಿತ್ಸೆ ನಡೆದರೆ ಅದು 5 ಶೇಕಡಕ್ಕಿಂತ ಕೆಳಗೆ ಬರುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಒಂದು ಮನೆಯಲ್ಲಿ ಇದರ ಅರ್ಥ ಏನೆಂದರೆ, ಹುಟ್ಟಿದ ಮಗುವಿಗೆ ಕನಿಷ್ಠ ಆರು ವಾರ ದಿನವೂ ನೆವಿರಪಿನ್ ಔಷಧ ಕುಡಿಸಬೇಕು, ಆರನೆಯ ವಾರ ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ತೆಗೆಸಬೇಕು, ತಾಯಿಯ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಉಳಿದಿರಬಹುದಾದ್ದರಿಂದ ಖಚಿತ ಫಲಿತಾಂಶಕ್ಕೆ ಹದಿನೆಂಟು ತಿಂಗಳು ಕಾಯಬೇಕು, ಮತ್ತು ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಿನ ಹೊರತು ಬೇರೇನೂ ಕೊಡಬಾರದು.

ಕೊನೆಯ ಸೂಚನೆಯೇ ಕಠಿಣವಾದದ್ದು. ಎದೆಹಾಲಿನ ಜೊತೆ ಬೇರೆ ಆಹಾರ ಬೆರೆತರೆ ಮಗುವಿಗೆ ಅಪಾಯ ಹೆಚ್ಚು. ಆದರೆ ಬಾಣಂತನ ಮಾಡಲು ಊರಿಂದ ಬಂದ ಅತ್ತೆಗೆ ವಿಷಯ ಗೊತ್ತಿಲ್ಲ. ಅವರು ಬಜೆ ತೇಯುತ್ತಾರೆ, ನಾಲಿಗೆಗೆ ಜೇನುತುಪ್ಪ ಹಚ್ಚುತ್ತಾರೆ, ಮಗು ಅತ್ತರೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕುತ್ತಾರೆ. ಅದೆಲ್ಲ ಅವರ ಪ್ರೀತಿ. ಸೊಸೆ ಬೇಡವೆಂದರೆ "ನಾನು ಐದು ಮಕ್ಕಳನ್ನ ಸಾಕಿಲ್ವೇನೇ?" ಎಂಬ ಪ್ರಶ್ನೆ ಬರುತ್ತದೆ. ನಮ್ಮ ಅಕ್ಕ ಆ ಮನೆಗೆ ಅಂಗನವಾಡಿಯ ಪರಿಚಯದವರಂತೆ ಹೋದರು. ಅತ್ತೆಯ ಮಂಡಿನೋವಿನ ಕಥೆಯನ್ನು ಎರಡು ಮಧ್ಯಾಹ್ನ ಪೂರ್ತಿ ಕೇಳಿದರು. ಮೂರನೆಯ ಸಲ, "ಅಮ್ಮಾ, ಮಗೂಗೆ ಕರುಳು ಸೂಕ್ಷ್ಮ ಅಂತ ಡಾಕ್ಟ್ರು ಬರೆದಿದ್ದಾರೆ, ಆರು ತಿಂಗಳು ತಾಯಿ ಹಾಲೊಂದೇ ಅಂತೆ, ಇದನ್ನ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ" ಎಂದರು. ಅಲ್ಲಿಂದ ಮುಂದೆ ಮಗುವಿನ ಬಾಯಿಗೆ ಬೇರೆ ಹನಿ ಬೀಳದಂತೆ ಕಾವಲು ಕಾದವರು ಅದೇ ಅತ್ತೆ. ಹದಿನೆಂಟನೆಯ ತಿಂಗಳ ಪರೀಕ್ಷೆಯಲ್ಲಿ ಮಗುವಿಗೆ ಸೋಂಕಿಲ್ಲವೆಂದು ಬಂದ ದಿನ ಆ ತಾಯಿ ಸಿಹಿ ಹಂಚಲು ಮನೆಯಲ್ಲಿ ಕಾರಣ ಹೇಳಲಾಗದೆ, ಅಕ್ಕನ ಮನೆಗೆ ಬಂದು ಕೇಸರಿಬಾತು ಮಾಡಿದಳು. ಅತ್ತೆಗೆ ಸುಳ್ಳು ಹೇಳಿದ್ದು ಸರಿಯೇ ಎಂದು ನೀವು ಕೇಳಬಹುದು. ನಾನೂ ಆ ಪ್ರಶ್ನೆಯ ಜೊತೆ ಬಹಳ ದಿನ ಕಳೆದಿದ್ದೇನೆ. ಆ ಮನೆಯಲ್ಲಿ, ಆ ಆರು ತಿಂಗಳಲ್ಲಿ, ಸತ್ಯ ಹೇಳಿದ್ದರೆ ತಾಯಿ ಮಗು ಇಬ್ಬರೂ ಬೀದಿಗೆ ಬರುತ್ತಿದ್ದರೆಂದು ನಂಬುವುದಕ್ಕೆ ನನಗೆ ಸಾಕಷ್ಟು ಕಾರಣಗಳಿದ್ದವು.

ಬೆಂಗಳೂರಿಗೆ ಇದರಲ್ಲಿ ಒಂದು ವಿಶೇಷ ಪಾತ್ರವಿದೆ. ಬಾಗಲಕೋಟೆ, ವಿಜಯಪುರ, ರಾಯಚೂರಿನ ಕಡೆಯಿಂದ ಎಷ್ಟೋ ಕುಟುಂಬಗಳು ಕೂಲಿಗಾಗಿ ಬರುತ್ತವೆ; ಅವರಲ್ಲಿ ಕೆಲವರು ಕೂಲಿಗಿಂತ ಹೆಚ್ಚಾಗಿ ಯಾರಿಗೂ ಗೊತ್ತಾಗದೆ ಬದುಕುವುದಕ್ಕೆ ಬರುತ್ತಾರೆ. ಊರಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ಕಟ್ಟೆಯ ಮೇಲೆ ಸುದ್ದಿ ಇರುತ್ತದೆ. ಇಲ್ಲಿ ಹಾಗಿಲ್ಲ. ಪೀಣ್ಯದಲ್ಲಿರುವವರು ಹತ್ತಿರದ ಏಆರ್‌ಟಿ ಕೇಂದ್ರ ಬಿಟ್ಟು ಎರಡು ಬಸ್ಸು ಬದಲಿಸಿ ದೂರದ ಕೇಂದ್ರಕ್ಕೆ ಹೋಗುವುದನ್ನು ನೀವು ನೋಡುತ್ತೀರಿ. ಪಕ್ಕದ ಮನೆಯವರು ಎದುರಾಗಬಾರದೆಂಬುದಷ್ಟೇ ಅದಕ್ಕೆ ಕಾರಣ. ಆ ದೂರಕ್ಕೆ ಬೆಲೆ ತೆರಬೇಕು. ಗಾರ್ಮೆಂಟ್ಸ್‌ನಲ್ಲಿ ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ತಿಂಗಳ ಹಾಜರಾತಿ ಬೋನಸ್ಸೂ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಖರ್ಚು ಉಳಿದಿದೆ, ಇದು ಸಣ್ಣ ವಿಷಯವಲ್ಲ. ರಜೆಯ ಕಾರಣವನ್ನು ಮಾತ್ರ ಇನ್ನೂ ಪ್ರತಿ ಸಲ ಹೊಸದಾಗಿ ಹುಡುಕಬೇಕು.

ಮಾತ್ರೆಯನ್ನು ಇಡುವುದೆಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಒಂದೇ ಕೋಣೆಯ ಶೀಟಿನ ಮನೆ, ಪಕ್ಕದವರ ಮಕ್ಕಳು ಹೇಳದೆ ಕೇಳದೆ ಒಳಗೆ ಬರುವ ವಠಾರ. ಕೇಂದ್ರದಲ್ಲಿ ಕೊಡುವ ಪ್ಲಾಸ್ಟಿಕ್ ಡಬ್ಬಿ ಅಲ್ಲಾಡಿದರೆ ಗಲಗಲ ಎನ್ನುತ್ತದೆ. ಚೀಟಿ ಕಿತ್ತು, ಒಳಗೆ ಹತ್ತಿ ತುರುಕಿ, ಅಕ್ಕಿಯ ಡಬ್ಬಿಯೊಳಗೆ ಹೂತಿಡುವವರಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಹೇಳಿಕೊಂಡು, ಆ ಸುಳ್ಳನ್ನು ಉಳಿಸಿಕೊಳ್ಳಲು ಹಬ್ಬದ ದಿನ ಹೋಳಿಗೆ ತಿನ್ನದೆ ಕೂರುವವರನ್ನು ನಾನು ಬಲ್ಲೆ. ಏಆರ್‌ಟಿಯ ಹಸಿರು ಪುಸ್ತಕವನ್ನು ಸೀರೆಯ ಮಡಿಕೆಯಲ್ಲಿಟ್ಟು ಬೀರುವಿಗೆ ಬೀಗ ಹಾಕುತ್ತಾರೆ. ಇಷ್ಟೆಲ್ಲ ಮಾಡುವವರು ಒಂದು ದಿನ ಮಾತ್ರೆ ತಪ್ಪಿಸಿದಾಗ ಅದನ್ನು ಬೇಜವಾಬ್ದಾರಿ ಎಂದು ದಾಖಲೆಯಲ್ಲಿ ಬರೆಯುವ ಮುನ್ನ, ಅವತ್ತು ಮನೆಗೆ ಯಾರಾದರೂ ನೆಂಟರು ಬಂದಿದ್ದರೇ ಎಂದು ಕೇಳಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಏಡ್ಸ್ ತಡೆಯ ಕುರಿತ ಘೋಷಣೆ ಅಚ್ಚಾಗಿದ್ದ ಬಟ್ಟೆಚೀಲವನ್ನು ಹೆಗಲಿಗೆ ಹಾಕಿಕೊಂಡು ಒಂದು ಮನೆಗೆ ಹೋಗಿದ್ದೆ. ಅದು ಯಾವುದೋ ಕಾರ್ಯಾಗಾರದಲ್ಲಿ ಕೊಟ್ಟ ಚೀಲ. ನನ್ನ ಮನಸ್ಸಿನಲ್ಲಿ ಅದು ಚೀಲವಷ್ಟೇ ಆಗಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಮನೆ ಮಾಲೀಕರು ಅದನ್ನು ಓದಿದರು. ಆ ತಿಂಗಳ ಕೊನೆಗೆ ಕುಟುಂಬ ಮನೆ ಖಾಲಿ ಮಾಡಬೇಕಾಯಿತು, ಹಿರಿಯ ಮಗಳ ಶಾಲೆ ಅರ್ಧದಲ್ಲಿ ನಿಂತಿತು. ಆ ತಾಯಿ ನನ್ನನ್ನು ಬಯ್ಯಲಿಲ್ಲ. ಮುಂದೆ ಎರಡು ವರ್ಷ ನನ್ನ ಜೊತೆ ಮಾತನಾಡಲೂ ಇಲ್ಲ. ಅಂದಿನಿಂದ ಮನೆಭೇಟಿಗೆ ಹೋಗುವ ನಮ್ಮವರು ಗುರುತಿನ ಚೀಟಿಯನ್ನು ಒಳಜೇಬಿನಲ್ಲಿಡುತ್ತಾರೆ, ಸಂಸ್ಥೆಯ ವಾಹನವನ್ನು ಬೀದಿಯಾಚೆ ನಿಲ್ಲಿಸುತ್ತಾರೆ. ಫೋನ್ ಮಾಡಿದರೆ ಬೇರೆಯವರು ಎತ್ತಿದಾಗ ಹೇಳಬೇಕಾದ ಕಾರಣವನ್ನು ಮೊದಲೇ ಆ ಕುಟುಂಬದವರ ಹತ್ತಿರವೇ ಕೇಳಿಕೊಂಡಿರುತ್ತಾರೆ: ಚೀಟಿ ವ್ಯವಹಾರವೋ, ಹೊಲಿಗೆ ತರಗತಿಯೋ, ಊರಿನ ದೂರದ ಸಂಬಂಧವೋ, ಅವರು ಹೇಳಿದ್ದು.

ಈ ಊರಿನಲ್ಲಿ ಈ ಕೆಲಸಕ್ಕೆ ಒಂದು ಪರಂಪರೆಯಿದೆ. ಔಷಧ ಕೈಗೆಟುಕದ 1990ರ ದಶಕದಲ್ಲೇ ಫ್ರೀಡಂ ಫೌಂಡೇಷನ್, ಸಂರಕ್ಷ, ಸ್ನೇಹದಾನ, ಆಶಾ ಫೌಂಡೇಷನ್‌ನಂಥ ಸಂಸ್ಥೆಗಳು ಇಲ್ಲಿ ಹುಟ್ಟಿಕೊಂಡವು. ಸೋಂಕಿತರೇ ಕೂಡಿ ಕಟ್ಟಿದ ಒಕ್ಕೂಟಗಳು ಬಂದವು; ಮಿಲನ ಎಂಬ ಬಳಗ ಒಬ್ಬೊಬ್ಬ ರೋಗಿಯ ಬದಲು ಇಡೀ ಕುಟುಂಬವನ್ನೇ ಸದಸ್ಯರಾಗಿ ಕಂಡಿತು. ಇಂಥ ಬೆಂಬಲ ಗುಂಪಿನ ಸಭೆಗೆ ಹೊರಗಿನಿಂದ ಬಂದವರಿಗೆ ಮೊದಲು ನಿರಾಸೆಯಾಗಬಹುದು, ಏಕೆಂದರೆ ಅಲ್ಲಿ ಎಚ್‌ಐವಿಯ ಮಾತು ಕಡಿಮೆ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿಸುವುದು ಹೇಗೆ, ಬಾಡಿಗೆ ಮುಂಗಡ ವಾಪಸ್ ಕೊಡದ ಮಾಲೀಕರಿಗೆ ಏನು ಹೇಳುವುದು, ಮಗಳಿಗೆ ಗಂಡು ನೋಡಲು ಬಂದರೆ ತಾಯಿಯ ವಿಷಯ ಹೇಳಬೇಕೇ, ಇವೇ ಮಾತು. ಆದರೆ ಹೊಸದಾಗಿ ಬಂದ ಹೆಣ್ಣುಮಗಳ ಪಕ್ಕ ಒಬ್ಬ ಹಿರಿಯಾಕೆ ಬಂದು ಕೂತು, "ನಾನು ಹದಿನೈದು ವರ್ಷದಿಂದ ತಗೋತಿದ್ದೀನಿ ಕಣಮ್ಮಾ, ಈಗ ಮೊಮ್ಮಗನ್ನ ಎತ್ತಾಡಿಸ್ತಿದ್ದೀನಿ" ಎಂದಾಗ ಆಗುವುದನ್ನು ನಾನು ಯಾವ ಸಮಾಲೋಚನಾ ಕೋಣೆಯಲ್ಲೂ ನೋಡಿಲ್ಲ. ಸ್ಟಾವುಡಿನ್ ಎಂಬ ಹಳೆಯ ಔಷಧದ ಕಾಲದಲ್ಲಿ ಅದನ್ನು ತೆಗೆದುಕೊಂಡವರ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು, ಬಸ್ಸಿನಲ್ಲಿ ಅಪರಿಚಿತರು ಪರಸ್ಪರ ಮುಖ ನೋಡಿಯೇ ಗುರುತಿಸಿಕೊಂಡು ತಲೆ ತಗ್ಗಿಸುತ್ತಿದ್ದರು. ಅದೇ ಇಬ್ಬರು ಗುಂಪಿನಲ್ಲಿ ಸಿಕ್ಕಾಗ ತಲೆ ಎತ್ತಿ ಮಾತನಾಡಿದರು.

ಸರ್ಕಾರದ ಸೌಲಭ್ಯಗಳು ಇಲ್ಲವೆಂದಲ್ಲ. ಸೋಂಕಿತ ಹಾಗೂ ಬಾಧಿತ ಮಕ್ಕಳಿಗೆ ವಿಶೇಷ ಪಾಲನಾ ಯೋಜನೆ, ಸೋಂಕಿತ ಮಹಿಳೆಯರ ಸ್ವಂತ ಉದ್ಯೋಗಕ್ಕೆ ಧನಶ್ರೀ, ವಿಧವಾ ವೇತನ, ಕ್ಷಯವೂ ಇದ್ದರೆ ಪೋಷಣೆಗೆಂದು ತಿಂಗಳಿಗೆ ಮೊದಲು 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ. ತೊಡಕಿರುವುದು ಅರ್ಜಿಯಲ್ಲಿ. ಸೋಂಕಿನ ಪ್ರಮಾಣಪತ್ರ ಲಗತ್ತಿಸಿದ ಅರ್ಜಿ ಎಷ್ಟು ಮೇಜುಗಳನ್ನು ದಾಟುತ್ತದೆಯೋ ಅಷ್ಟು ಜನರಿಗೆ ವಿಷಯ ಗೊತ್ತಾಗುತ್ತದೆ. ಹಣಕ್ಕಿಂತ ಗುಟ್ಟು ದೊಡ್ಡದೆಂದು ಎಷ್ಟೋ ತಾಯಂದಿರು ಅರ್ಜಿಯನ್ನೇ ಹಾಕುವುದಿಲ್ಲ. ಅನುಭವಿ ಕಾರ್ಯಕರ್ತೆಯರು ಹತ್ತಿಪ್ಪತ್ತು ಅರ್ಜಿಗಳನ್ನು ಒಟ್ಟಿಗೆ ಮುಚ್ಚಿದ ಲಕೋಟೆಯಲ್ಲಿ ತಾವೇ ಜಿಲ್ಲಾ ಕಚೇರಿಗೆ ಒಯ್ದು, ಒಬ್ಬ ನಂಬಿಕಸ್ಥ ಅಧಿಕಾರಿಯ ಕೈಗೆ ಕೊಟ್ಟು ಬರುವ ದಾರಿ ಕಂಡುಕೊಂಡಿದ್ದಾರೆ. ಯೋಜನೆ ರೂಪಿಸುವವರು ಈ ದಾರಿಯನ್ನೇ ನಿಯಮವಾಗಿ ಮಾಡಬೇಕೆಂಬುದು ನನ್ನ ಒತ್ತಾಯ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಮಾತನಾಡಲು ನನಗೆ ಪ್ರತಿ ಸಲವೂ ಕಷ್ಟವಾಗುತ್ತದೆ.

ಹುಟ್ಟಿನಿಂದ ಸೋಂಕಿರುವ ಮಕ್ಕಳಿಗೆ ಆರರಿಂದ ಹನ್ನೆರಡರ ವಯಸ್ಸಿನೊಳಗೆ, ಅವರ ತಿಳಿವಳಿಕೆಗೆ ತಕ್ಕಂತೆ ಹಂತಹಂತವಾಗಿ ವಿಷಯ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಗಳಲ್ಲಿ ಇದು ಮುಂದೂಡುತ್ತ ಹೋಗುತ್ತದೆ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ ಹುಡುಗನೊಬ್ಬನಿದ್ದ. ಅಜ್ಜಿ ಹೂ ಕಟ್ಟಿ ಮಾರುತ್ತಿದ್ದರು. ಮಾತ್ರೆ ಯಾತಕ್ಕೆಂದು ಕೇಳಿದರೆ "ರಕ್ತ ಕಮ್ಮಿ ಐತೆ ಮಗಾ, ಅದಕ್ಕೆ" ಎನ್ನುತ್ತಿದ್ದರು. ಹುಡುಗ ಏಳನೆಯ ತರಗತಿಗೆ ಬಂದಾಗ ಇದ್ದಕ್ಕಿದ್ದಂತೆ ಅವನ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಏರಿತು. ವಿಚಾರಿಸಿದಾಗ ತಿಳಿದದ್ದು ಇದು: ವರ್ಷದ ಹಿಂದೆಯೇ ಅವನು ಡಬ್ಬಿಯ ಮೇಲಿನ ಹೆಸರನ್ನು ಗೆಳೆಯನ ಮೊಬೈಲಿನಲ್ಲಿ ಹುಡುಕಿ ಎಲ್ಲವನ್ನೂ ಓದಿಕೊಂಡಿದ್ದ. ತನಗೆ ಗೊತ್ತಾಗಿದೆ ಎಂದು ತಿಳಿದರೆ ಅಜ್ಜಿಗೆ ನೋವಾಗುತ್ತದೆಂದು ಸುಮ್ಮನಿದ್ದ. ಮೊಮ್ಮಗನಿಗೆ ಗೊತ್ತಾದರೆ ಅವನು ಒಡೆದುಹೋಗುತ್ತಾನೆಂದು ಅಜ್ಜಿ ಸುಮ್ಮನಿದ್ದರು. ಹತ್ತಡಿಯ ಕೋಣೆಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಒಂದೇ ಗುಟ್ಟನ್ನು ಕಾಯುತ್ತಿದ್ದರು. ಆ ಭಾರದಲ್ಲಿ ಹುಡುಗ ಮಾತ್ರೆಯನ್ನು ಚರಂಡಿಗೆ ಹಾಕತೊಡಗಿದ್ದ.

ಇದನ್ನು ಬಿಡಿಸಿದ್ದು ಗುಂಪಿನಲ್ಲೇ ಬೆಳೆದ ಇಪ್ಪತ್ತೊಂದರ ಯುವಕ. ಅವನೂ ಹುಟ್ಟಿನಿಂದ ಸೋಂಕಿರುವವನೇ, ಆಗಷ್ಟೇ ಮೊಬೈಲ್ ರಿಪೇರಿ ಕಲಿತು ಕೆಲಸಕ್ಕೆ ಸೇರಿದ್ದ. ಅವನು ಹುಡುಗನಿಗೆ ಉಪದೇಶ ಮಾಡಲಿಲ್ಲ. ಮೂರು ಭಾನುವಾರ ತನ್ನ ಅಂಗಡಿಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡ. ಮಧ್ಯಾಹ್ನ ಊಟವಾದ ಮೇಲೆ ಜೇಬಿನಿಂದ ತನ್ನ ಮಾತ್ರೆ ತೆಗೆದು, ಅವನೆದುರೇ ನುಂಗಿ, ನೀರು ಕುಡಿದ. ಮೂರನೆಯ ಭಾನುವಾರ ಹುಡುಗ "ಅಣ್ಣಾ, ನಿಂಗೂನಾ?" ಎಂದು ಕೇಳಿದ. ಅಜ್ಜಿಗೆ ವಿಷಯ ಹೇಳಿದ್ದು ಆ ಇಬ್ಬರೂ ಸೇರಿ. ಅಜ್ಜಿ ಬಹಳ ಹೊತ್ತು ಏನೂ ಹೇಳದೆ ಹೂ ಕಟ್ಟುತ್ತಲೇ ಇದ್ದರು, ಆಮೇಲೆ "ಊಟ ಮಾಡ್ರಿ" ಎಂದರು. ಆ ರಾತ್ರಿಯಿಂದ ಮಾತ್ರೆಯ ಡಬ್ಬಿ ದೇವರ ಗೂಡಿನ ಪಕ್ಕ ಬಂದಿತು.

ಹದಿಹರೆಯದವರು ಹಾಸ್ಟೆಲ್ ಸೇರಿದಾಗ ಮಾತ್ರೆ ಬಿಡುವುದು ಇನ್ನೂ ಹೆಚ್ಚು. ಹಿಂದಿನ ಎಫಾವಿರೆಂಜ್ ಔಷಧದಿಂದ ತಲೆಸುತ್ತು, ಕೆಟ್ಟ ಕನಸುಗಳು ಬರುತ್ತಿದ್ದರಿಂದ ಅದನ್ನು ರಾತ್ರಿ ಮಲಗುವಾಗಲೇ ತೆಗೆದುಕೊಳ್ಳಬೇಕಿತ್ತು, ಅಂದರೆ ಎಂಟು ಜನರ ಕೋಣೆಯಲ್ಲಿ ಎಲ್ಲರೆದುರು. ಈಗಿನ ಮಾತ್ರೆಯನ್ನು ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ವೈದ್ಯರಿಗೆ ಇದು ಸಣ್ಣ ಅನುಕೂಲವಾಗಿ ಕಾಣಬಹುದು. ಓದುವ ಮಕ್ಕಳಿಗೆ ಇದರಿಂದ ಹಾಸ್ಟೆಲ್ಲೇ ಸಾಧ್ಯವಾಗಿದೆ.

ಕಾನೂನಿನ ಬಗ್ಗೆ ನಿಮಗೆ ಪಾಠವಿದೆ, ಆದ್ದರಿಂದ ಮನೆಗಳಲ್ಲಿ ಉಪಯೋಗಕ್ಕೆ ಬಂದದ್ದನ್ನಷ್ಟೇ ಹೇಳುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಉದ್ಯೋಗ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ, ಎಲ್ಲದರಲ್ಲೂ ತಾರತಮ್ಯವನ್ನು ಅದು ನಿಷೇಧಿಸುತ್ತದೆ. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಹೊರಗೆ ಹಾಕಲು ಹೊರಟ ಮನೆಯಲ್ಲಿ, ಒಟ್ಟಿಗೆ ಬದುಕಿದ ಮನೆಯಲ್ಲಿ ಉಳಿಯುವ ಹಕ್ಕು ಅವಳಿಗಿದೆ ಎಂಬ ಕಲಮನ್ನು ಗಟ್ಟಿಯಾಗಿ ಓದಿಹೇಳಿದ್ದು ಒಂದಕ್ಕಿಂತ ಹೆಚ್ಚು ಸಲ ಕೆಲಸ ಮಾಡಿದೆ. ಸಂಗಾತಿಗೆ ವಿಷಯ ತಿಳಿಸಿದರೆ ಹೆಂಡತಿಗೆ ಹಿಂಸೆಯೋ ಪರಿತ್ಯಾಗವೋ ಆದೀತೆಂಬ ಭಯವಿದ್ದಲ್ಲಿ ಆಸ್ಪತ್ರೆಯವರು ತಿಳಿಸಕೂಡದು ಎಂದೂ ಕಾಯ್ದೆ ಹೇಳುತ್ತದೆ. ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಕಲಮು: ಎಚ್‌ಐವಿ ಬಾಧಿತ ಕುಟುಂಬದ ವ್ಯವಹಾರವನ್ನು ನೋಡಿಕೊಳ್ಳುತ್ತಿರುವ, ಸಾಕಷ್ಟು ತಿಳಿವಳಿಕೆಯಿರುವ ಹನ್ನೆರಡರಿಂದ ಹದಿನೆಂಟರೊಳಗಿನ ಮಗು ತನ್ನ ತಮ್ಮ ತಂಗಿಯರ ಪೋಷಕರಾಗಿ ಶಾಲೆಗೆ ಸೇರಿಸಬಹುದು, ಚಿಕಿತ್ಸೆ ಕೊಡಿಸಬಹುದು, ಬ್ಯಾಂಕ್ ಖಾತೆ ನಡೆಸಬಹುದು. ಹನ್ನೆರಡು ವರ್ಷದ ಮಕ್ಕಳು ಮನೆ ನಡೆಸುತ್ತಿದ್ದಾರೆ ಎಂಬುದನ್ನು ಒಂದು ದೇಶ ತನ್ನ ಕಾನೂನಿನಲ್ಲಿ ಬರೆದುಕೊಳ್ಳಬೇಕಾಯಿತು. ಆ ಮಗುವಿನ ಹಿಂದೆ ನಿಲ್ಲುವ ದೊಡ್ಡವರು ಯಾರೆಂದು ಕಾನೂನು ಹೇಳುವುದಿಲ್ಲ; ಅಲ್ಲಿ ನಿಮ್ಮ ಕೆಲಸ ಇದೆ. ದೂರು ಇದ್ದರೆ ರಾಜ್ಯದ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಯ, ಹತ್ತಿರ ಹೋಗಬಹುದು, ತುರ್ತು ಚಿಕಿತ್ಸೆಯ ವಿಷಯದಲ್ಲಿ ಅವರು ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಯೊಳಗೆ, ಆದೇಶ ಕೊಡಬೇಕು. 1097 ಸಹಾಯವಾಣಿಯ ಸಂಖ್ಯೆಯನ್ನೂ ನೆನಪಿಡಿ.

ದುಡ್ಡಿನ ವಿಷಯವನ್ನು ಮುಚ್ಚಿಡಲಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ಹಾಸಿಗೆಗಳಿದ್ದ ಸಮುದಾಯ ಆರೈಕೆ ಕೇಂದ್ರಗಳಿದ್ದವು; ಮಾತ್ರೆ ಶುರುಮಾಡಿದ ಹೊಸದರಲ್ಲಿ ಕೆಲವು ದಿನ ಅಲ್ಲಿದ್ದು ಸುಧಾರಿಸಿಕೊಂಡು ಹೋಗಬಹುದಿತ್ತು. 2013ರಲ್ಲಿ ವಿಹಾನ್ ಯೋಜನೆಯಡಿ ಹಾಸಿಗೆಗಳಿಲ್ಲದ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಚಿಕಿತ್ಸೆ ಸುಧಾರಿಸಿದ್ದರಿಂದ ಹಾಸಿಗೆಯ ಅಗತ್ಯ ತಗ್ಗಿತು ಎಂಬ ವಾದದಲ್ಲಿ ಹುರುಳಿದೆ. ಆದರೆ ಹಾಸಿಗೆಯಲ್ಲಿ ನಡೆಯುತ್ತಿದ್ದ ಆರೈಕೆಯನ್ನು ಮನೆಗೆ ಒಯ್ಯುವವರ ಸಂಬಳ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಯೋಜನೆಯ ಅವಧಿ ಮುಗಿದಾಗ ಕಚೇರಿ ಮುಚ್ಚುತ್ತದೆ, ಕಾರ್ಯಕರ್ತೆ ಗಾರ್ಮೆಂಟ್ಸ್‌ಗೆ ಮರಳುತ್ತಾಳೆ, ಅವಳನ್ನು ನಂಬಿದ್ದ ಮೂವತ್ತು ನಲವತ್ತು ಮನೆಗಳಿಗೆ ವಿಷಯ ಗೊತ್ತಿದ್ದ ಒಬ್ಬರೇ ಒಬ್ಬರು ಇಲ್ಲವಾಗುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕೇಂದ್ರಗಳು ಒಮ್ಮೆಗೇ ಹಲವು ತಿಂಗಳ ಮಾತ್ರೆ ಕೊಡತೊಡಗಿದವು, ಆದರೆ ಬಸ್ಸಿಲ್ಲದ ಊರಿನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದವರು ಇದೇ ಕಾರ್ಯಕರ್ತರು. ತರಕಾರಿ ಚೀಲದ ತಳದಲ್ಲಿ ಡಬ್ಬಿಯಿಟ್ಟು, ಪೊಲೀಸರು ತಡೆದಾಗ ಯಾರ ಹೆಸರನ್ನೂ ಹೇಳದೆ ನಿಂತರು. ಅವರನ್ನು ಸ್ವಯಂಸೇವಕರು ಎಂದು ಹೊಗಳುವುದು ಸಾಕು. ಆರೋಗ್ಯ ವ್ಯವಸ್ಥೆಯ ನೌಕರರೆಂದು ಕರೆದು ಸಂಬಳ ಕೊಡಬೇಕು.

ಉಪನ್ಯಾಸದ ನಂತರ ಒಬ್ಬ ಗೃಹಿಣಿ, ತಮ್ಮ ಮನೆಗೆಲಸದಾಕೆಗೆ ಸೋಂಕಿದೆ ಎಂದು ಬೇರೆಯವರಿಂದ ತಿಳಿಯಿತು, ಈಗೇನು ಮಾಡಲಿ ಎಂದು ಕೇಳಿದರು. ಅವರ ಧ್ವನಿಯಲ್ಲಿ ಕಾಳಜಿಯಿತ್ತು, ಭಯವೂ ಇತ್ತು. ತಟ್ಟೆ ಲೋಟದಿಂದ, ಬಟ್ಟೆ ಪಾತ್ರೆಯಿಂದ, ಅವರು ಮಾಡಿದ ಅಡುಗೆಯಿಂದ, ನಿಮ್ಮ ಮಗುವನ್ನು ಎತ್ತಿಕೊಳ್ಳುವುದರಿಂದ ಸೋಂಕು ಬರುವುದಿಲ್ಲ, ಆದ್ದರಿಂದ ಮನೆಯಲ್ಲಿ ಏನನ್ನೂ ಬದಲಿಸಬೇಡಿ ಎಂದೆ. ನಿಮಗೆ ಹೇಳಿದವರಿಗೆ, ಇನ್ನೊಬ್ಬರಿಗೆ ಹೇಳಬೇಡಿ ಎಂದು ತಿಳಿಸಿ. ಆಕೆ ತಾನಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಕೇಳಲು ಹೋಗಬೇಡಿ. ತಿಂಗಳಿಗೊಮ್ಮೆ ಆಕೆ ಆಸ್ಪತ್ರೆಗೆಂದು ರಜೆ ಕೇಳಿದಾಗ ಯಾಕೆಂದು ವಿಚಾರಿಸದೆ, ಸಂಬಳ ಹಿಡಿಯದೆ ಕೊಡಿ.

ಕೊನೆಗೆ ಒಬ್ಬ ವಿದ್ಯಾರ್ಥಿನಿ, ನಾವು ಎಲ್ಲಿಂದ ಶುರುಮಾಡಬೇಕು ಮೇಡಂ ಎಂದು ಕೇಳಿದಳು. ಮೊದಲ ಮೂರು ತಿಂಗಳು ಯಾವ ಮನೆಗೂ ಹೋಗಬೇಡ ಎಂದೆ. ಏಆರ್‌ಟಿ ಕೇಂದ್ರದ ಸಾಲಿನಲ್ಲಿ ಕೂರು, ಅಜ್ಜಿಯಂದಿರಿಗೆ ರಕ್ತ ತೆಗೆಯುವ ಕೋಣೆ ತೋರಿಸು, ತಾಯಿ ಒಳಗೆ ಹೋದಾಗ ಮಗುವನ್ನು ಎತ್ತಿಕೋ. ಆಮೇಲೆ ಯಾರಾದರೂ ತಾವಾಗಿ ಮನೆಗೆ ಕರೆದರೆ ಹೋಗು, ಒಂದೇ ಮನೆಗೆ. ಎರಡು ವರ್ಷ ಬಿಡದೆ ಹೋಗಲಾಗುವುದಿಲ್ಲ ಎಂದೆನಿಸಿದರೆ ಅದನ್ನು ಮೊದಲ ದಿನವೇ ಅವರಿಗೆ ಹೇಳು. ಸೋಮವಾರ ಎಷ್ಟು ಹೊತ್ತಿಗೆ ಬರಲಿ ಎಂದು ಅವಳು ಕೇಳಿದಳು. ಸಾಲು ಒಂಬತ್ತಕ್ಕೆ ಶುರುವಾಗುತ್ತದೆ, ಎಂಟೂವರೆಗೆ ಬಾ, ಚೀಲದ ಮೇಲೆ ಏನೂ ಬರೆದಿರದಿರಲಿ ಎಂದೆ.